ಬದುಕಿರುವವನ ಹೆಸರಿನಲ್ಲಿ

ಸೇಂಟ್ ಡೆನಿಸ್, ಕಾರ್ನ್‌ವಾಲ್
20 ಜನವರಿ 1646

ಅಪ್ಪ,

ಕಾಗದಕ್ಕೆ ಮೀನಿನ ವಾಸನೆ ಬಂದರೆ ನನ್ನನ್ನು ಬೈಯಬೇಡ. ಚೆಸ್ಟನ್ ಅತ್ತೆಯ ಬುಟ್ಟಿಯಲ್ಲಿ ಕಳಿಸುತ್ತಿದ್ದೇನೆ. ರಾಜನ ಕಡೆಯವರೂ ಉಪ್ಪುಮೀನು ತಿನ್ನುತ್ತಾರೆ, ಪಾರ್ಲಿಮೆಂಟಿನ ಕಡೆಯವರೂ ತಿನ್ನುತ್ತಾರೆ, ಹಾಗಾಗಿ ಈ ಸೀಮೆಯಲ್ಲಿ ಯಾರೂ ತಡೆಯದೆ ಓಡಾಡುವವಳು ಈಗ ಅವಳೊಬ್ಬಳೇ. ಬಾಡ್ಮಿನ್‌ನಲ್ಲಿ ನಿಮ್ಮ ರಾಜನ ಸೈನ್ಯದ ಗಾಡಿಯವನಿಗೆ ಕೊಡುತ್ತಾಳಂತೆ. ಅವನು ಕುಡಿಯದೆ ಇದ್ದರೆ ನಿನಗೆ ಸಿಗುತ್ತದೆ.

ನೆರೆಮನೆಯ ಓಟಿಸ್ ಮಾಮ ಸೈನ್ಯದಿಂದ ಬಂದಿದ್ದಾನೆ. ಯಾರೂ ಬಿಟ್ಟು ಕಳಿಸಲಿಲ್ಲ, ತಾನೇ ಬಂದಿದ್ದಾನೆ. ತನ್ನ ದನದ ಕೊಟ್ಟಿಗೆಯ ಅಟ್ಟದಲ್ಲಿ ಅಡಗಿದ್ದಾನೆ. ಹಿಮದಲ್ಲಿ ಕಾಲು ಕೆಟ್ಟು ಬೆರಳು ಉದುರಿವೆ. ನಾನು ಗಂಜಿ ಒಯ್ದು ಕೊಟ್ಟಾಗ, "ನಿಮ್ಮಪ್ಪಂಗೆ ಹೇಳ್ಬೇಡ ಮಗಾ. ಹೇಳಿದ್ರೆ ಅಲ್ಲಿಂದ ನಡ್ಕೊಂಡು ಬಂದು ಉಳಿದಿರೋ ಬೆರಳೂ ಕಡೀತಾನೆ" ಎಂದ. ಹೇಳುವುದಿಲ್ಲ ಎಂದೆ. ಈಗ ಹೇಳುತ್ತಿದ್ದೇನೆ, ಯಾಕೆಂದರೆ ನಿನಗೆ ಬೇರೆಯವರಿಂದ ತಿಳಿದರೆ ಇನ್ನೂ ಕಷ್ಟ.

ಈಗ ಮುಖ್ಯ ಮಾತು. ಮಾರ್ಚ್ ಹತ್ತೊಂಬತ್ತು ಬರುತ್ತಿದೆ. ಯುದ್ಧ ಶುರುವಾದ ಮೇಲೂ ನೀನು ಪ್ರತಿ ವರ್ಷ ಹೇಗೋ ರಜೆ ಗಿಟ್ಟಿಸಿಕೊಂಡು ಬಂದು, ಬೋರೆಯ ಮೇಲೆ ತವರದ ಅದಿರು ತೆಗೆಯಲು ನಮಗೆ ಹಕ್ಕಿರುವ ಎಲ್ಲೆಯ ನಾಲ್ಕು ಮೂಲೆಗಳಲ್ಲಿ ಹುಲ್ಲುಹೆಂಟೆ ಕಡಿದು ಹೋದೆ. ಈ ವರ್ಷ ಬರುತ್ತೀಯಾ? ಮೆಲ್ಚರ್ ಯಜಮಾನರು ಎರಡು ಸಲ ಬಾಗಿಲಿಗೆ ಬಂದು, "ನಿಮ್ಮಪ್ಪ ಹತ್ತೊಂಬತ್ತಕ್ಕೆ ಬರ್ತಾನೇನಮ್ಮಾ?" ಎಂದು ಕೇಳಿದರು. ಕೇಳುವಾಗ ಮುಖದಲ್ಲಿ ಎಷ್ಟು ಮಮತೆ! ಆ ದಿನ ಹೊತ್ತು ಮುಳುಗುವುದರೊಳಗೆ ನಮ್ಮ ಹೆಂಟೆ ಬೀಳದಿದ್ದರೆ ನಮ್ಮ ಎಲ್ಲೆ ಯಾರದ್ದೂ ಅಲ್ಲ, ಮರುದಿನ ಬೆಳಿಗ್ಗೆ ಯಾರು ಮೊದಲು ಕಡಿಯುತ್ತಾರೋ ಅವರದು. ಮೆಲ್ಚರ್ ಆಗಲೇ ಸಲಿಕೆ ಮಸೆದು ಇಟ್ಟುಕೊಂಡಿದ್ದಾನೆ.

ಮನೆ ಬಾಡಿಗೆಯದು. ಹಸು ಹೋಯಿತು. ನಮ್ಮದು ಅಂತ ಇರುವುದು ತಾತ ಬಿಟ್ಟುಹೋದ ಆ ತವರವೊಂದೇ. ಅದೂ ಹೋದರೆ ನಾನು ಮೆಲ್ಚರ್ ಮನೆಯ ಪಾತ್ರೆ ತೊಳೆಯಬೇಕು. ನಾನು ತೊಳೆಯುವುದಿಲ್ಲ. ನೀನು ಬಾರದಿದ್ದರೆ ನಾನೇ ಕಡಿಯುತ್ತೇನೆ. ಹೇಗೆಂದು ಬರೆದು ಕಳಿಸು.

ನಿನ್ನ ಮಗಳು
ಎಂಬ್ಲಿನ್


ಟಾರಿಂಗ್‌ಟನ್
12 ಫೆಬ್ರವರಿ

ಮಗಳೇ ಎಂಬ್ಲಿನ್,

ಗಾಡಿಯವನು ಕುಡಿದಿದ್ದ, ಆದರೂ ಕೊಟ್ಟ. ನನ್ನ ಅಕ್ಷರ ನಿನಗೆ ಓದಲು ಬಾರದಿದ್ದರೆ ಪಾದ್ರಿಯ ಹೆಂಡತಿಗೆ ತೋರಿಸು. ಕೈ ಮರಗಟ್ಟಿದೆ.

ಓಟಿಸ್ ವಿಷಯ ಮೊದಲು ಮುಗಿಸುತ್ತೇನೆ. ಅವನು ನನ್ನ ಎಡಗಡೆಯ ಸಾಲಿನಲ್ಲಿ ಭರ್ಜಿ ಹಿಡಿದು ನಿಲ್ಲುತ್ತಿದ್ದವನು. ಒಂದು ಬೆಳಿಗ್ಗೆ ನೋಡಿದರೆ ಆ ಜಾಗ ಖಾಲಿ. ನಾವಿಬ್ಬರೂ ಒಂದೇ ಹೊಳೆಯಲ್ಲಿ ತವರ ತೊಳೆದವರು. ನಿನ್ನ ಅಣ್ಣ ರೆನ್‌ಫ್ರಿ ಬಾತ್ ಊರಿನ ಆಚೆಯ ಗುಡ್ಡದ ಕಾಳಗದಲ್ಲಿ ಸತ್ತಾಗ ಅವನನ್ನು ಎತ್ತಿ ತಂದವನೂ ಇದೇ ಓಟಿಸ್. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಯಾರೋ ಗೊತ್ತಿಲ್ಲದವನು ಓಡಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ನೀನು ಅವನಿಗೆ ಗಂಜಿ ಕೊಡು, ಬೇಡವೆನ್ನುವುದಿಲ್ಲ. ಆದರೆ ಅವನು ನನ್ನ ಎಲ್ಲೆಯೊಳಗೆ ಕಾಲಿಡಕೂಡದು.

ನಾನು ಬರುವುದು ಕಷ್ಟ. ಪಾರ್ಲಿಮೆಂಟಿನವರು ಹತ್ತಿರದಲ್ಲಿದ್ದಾರೆ, ನಮ್ಮ ಜನ ದಿನಾ ಕರಗುತ್ತಿದ್ದಾರೆ. ಹಾಗಾಗಿ ಕಡಿಯುವುದನ್ನು ಕಲಿತುಕೋ. ಹೆಂಗಸು ಕಡಿಯಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡ, ನನ್ನ ಅಜ್ಜಿ ಕಡಿದಿದ್ದಾಳೆ. ಪೂರ್ವದ ಮೂಲೆಯಿಂದ ಶುರು ಮಾಡಿ ಬಿಸಿಲು ಸುತ್ತುವ ದಿಕ್ಕಿನಲ್ಲೇ ಹೋಗು. ಮೂಲೆಯ ಗುಂಡಿಯ ಅಂಚಿನಲ್ಲಿ, ಬೇರು ಸಮೇತ, ಸಲಿಕೆಯಷ್ಟು ಅಗಲಕ್ಕೆ ಕಡಿ. ಕಡಿದ ಹೆಂಟೆಯನ್ನು ಹುಲ್ಲು ಮೇಲಾಗಿ ಗುಂಡಿಯ ಪಕ್ಕದ ದಿಬ್ಬದ ಮೇಲೆ ಇಡು. ಪ್ರತಿ ಮೂಲೆಯಲ್ಲೂ ಯಾರ ಹೆಸರಿನಲ್ಲಿ ಕಡಿಯುತ್ತೀಯೋ ಅವರ ಹೆಸರನ್ನು ಗಟ್ಟಿಯಾಗಿ ಹೇಳು. ತವರದ ಕೆಲಸ ಬಲ್ಲ, ನಮ್ಮ ಮನೆಯವನಲ್ಲದ ಒಬ್ಬ ಗಂಡಸು ಪಕ್ಕದಲ್ಲಿ ನಿಂತು ನೋಡಬೇಕು. ಮುದುಕ ಯೂಡಿಯನ್ನು ಕರೆ, ಅವನು ಬರುತ್ತಾನೆ.

ಹೆಸರಿನ ವಿಷಯ ಈ ವರ್ಷ ಸರಿಯಾಗಿ ತಿಳಿದುಕೋ. ಹೆಸರು ಬದುಕಿರುವವನದ್ದಾಗಿರಬೇಕು. ನಾನು ಬದುಕಿದ್ದರೆ ನನ್ನ ಹೆಸರು ಹೇಳು. ನಾನು ಸತ್ತಿದ್ದರೆ ನಿನ್ನ ಹೆಸರು. ಸತ್ತವನ ಹೆಸರಿನಲ್ಲಿ ಕಡಿದರೆ ಕಡಿದ ಹಾಗಲ್ಲ, ಎಲ್ಲೆ ಬಿದ್ದುಹೋಗುತ್ತದೆ. ಹಾಗೆಂದು ನಾನು ಬದುಕಿರುವಾಗ ನಿನ್ನ ಹೆಸರಿನಲ್ಲಿ ಕಡಿದರೆ ನನ್ನ ಹಕ್ಕು ಅಲ್ಲಿಗೆ ಮುಗಿಯಿತು, ನನ್ನಪ್ಪನ ನೆಲದ ಮೇಲೆ ನಾನೇ ಪರದೇಶಿ. ಎರಡೂ ಆಗಬಾರದು.

ನಿನ್ನ ಅಪ್ಪ
ಪಾಸ್ಕೋ ನಾನ್‌ಕಾರೋ


ಪ್ರೋಬಸ್ ಹತ್ತಿರ
3 ಮಾರ್ಚ್

ಮಗಳೇ,

ಟಾರಿಂಗ್‌ಟನ್‌ನಲ್ಲಿ ಸೋತೆವು. ಸಿಡಿಮದ್ದು ತುಂಬಿಟ್ಟಿದ್ದ ಚರ್ಚ್ ಹಾರಿಹೋಯಿತು. ಆ ಸದ್ದು ಇನ್ನೂ ಕಿವಿಯಲ್ಲಿ ಕೂತಿದೆ, ಜನ ಮಾತಾಡಿದರೆ ಅರ್ಧ ಕೇಳಿಸುತ್ತದೆ. ಅಂದಿನಿಂದ ಹಿಂದೆ ಹಿಂದೆ ಬರುತ್ತಿದ್ದೇವೆ. ಇನ್ನು ಹಿಂದೆ ಹೋಗಲು ಸಮುದ್ರ ಮಾತ್ರ ಇದೆ.

ನಿನ್ನೆ ನಮ್ಮ ದಳ ಸೇಂಟ್ ಡೆನಿಸ್‌ನ ಮೇಲಿನ ದಾರಿಯಲ್ಲೇ ಹಾದು ಬಂತು. ಬೋರೆ ಕಂಡಿತು. ನಮ್ಮ ಮನೆಯ ಹೊಗೆಯೂ ಕಂಡಿತು. ನೀನು ಒಲೆಗೆ ಹಸಿ ಮುಳ್ಳುಪೊದೆ ಹಾಕಿದ್ದೆ, ಹೊಗೆ ಅಷ್ಟು ಕಪ್ಪಗಿತ್ತು. ಒಣಗಿಸಿ ಹಾಕು ಎಂದು ಎಷ್ಟು ಸಲ ಹೇಳಿದ್ದೇನೆ.

ನಮ್ಮ ಸಾಲಿನಿಂದ ಅಲ್ಲಿ ತುಂಬ ಜನ ಜಾರಿಕೊಂಡರು. ಒಬ್ಬ ಪಾದರಕ್ಷೆ ಕಟ್ಟಿಕೊಳ್ಳಲು ಕೂತ, ಇನ್ನೊಬ್ಬ ಪೊದೆಯ ಹಿಂದೆ ಹೋದ, ಯಾರೂ ತಿರುಗಿ ಬರಲಿಲ್ಲ. ಕ್ಯಾಪ್ಟನ್ ನೋಡಿದರೂ ನೋಡದ ಹಾಗೆ ಮುಂದೆ ನಡೆದರು. ನನ್ನ ಹಿಂದಿದ್ದವನು, "ಪಾಸ್ಕೋ, ಅದು ನಿನ್ನ ಮನೆ ಅಲ್ವೇನಯ್ಯಾ? ಹೋಗು, ನಿನ್ ಭರ್ಜಿ ನಾನು ಹೊರ್ತೀನಿ" ಎಂದ. ನಾನು ಹೋಗಲಿಲ್ಲ.

ಯಾಕೆಂದು ನೀನು ಕೇಳುತ್ತೀಯ. ರೆನ್‌ಫ್ರಿ ಓಡಲಿಲ್ಲ, ಅದಕ್ಕೆ. ಅವನ ಅಪ್ಪ ಓಡಿದ ಎನ್ನಿಸಿಕೊಳ್ಳುವುದು ನನ್ನಿಂದಾಗದು. ಇಷ್ಟೇ.

ಪಾಸ್ಕೋ


ಸೇಂಟ್ ಡೆನಿಸ್
7 ಮಾರ್ಚ್

ಅಪ್ಪ,

ನನ್ನ ಒಲೆಯ ಹೊಗೆ ನೋಡಿ ಬೈಯಲು ಪುರಸೊತ್ತಿತ್ತು, ಮನೆಗೆ ಬಂದು ಒಂದು ತುತ್ತು ತಿನ್ನಲು ಆಗಲಿಲ್ಲ. ಒಣಪೊದೆಯನ್ನೆಲ್ಲ ನಿಮ್ಮವರೇ ಅದಕ್ಕೂ ಮುಂಚೆ ಹೊತ್ತುಕೊಂಡು ಹೋಗಿದ್ದರು. ಅವರು ಬಿಟ್ಟ ಕೋಳಿಗಳನ್ನು ಹಿಂದೆಯೇ ಬಂದ ಪಾರ್ಲಿಮೆಂಟಿನ ಕುದುರೆಯವರು ತಿಂದರು. ಇವರು ತಿನ್ನುವ ಮೊದಲು ದೇವರಿಗೆ ಕೈಮುಗಿಯುತ್ತಾರೆ, ಅಷ್ಟೇ ವ್ಯತ್ಯಾಸ. ಈಗ ಬೋರೆಯ ಮೇಲೆ, ನಮ್ಮ ಎಲ್ಲೆಯ ಮೇಲೇ, ಗುಡಿಸಲು ಹಾಕಿಕೊಂಡಿದ್ದಾರೆ.

ಮುದುಕ ಯೂಡಿ ತೀರಿಕೊಂಡ. ಜ್ವರ. ಭಾನುವಾರ ಮಣ್ಣು ಮಾಡಿದೆವು. ತವರದ ಕೆಲಸ ಬಲ್ಲ ಗಂಡಸು ಈ ಊರಿನಲ್ಲಿ ಇನ್ನು ಯಾರಿದ್ದಾರೆ ಹೇಳು? ಉಳಿದವರೆಲ್ಲ ನಿನ್ನ ಜೊತೆ ಭರ್ಜಿ ಹಿಡಿದು ನಿಂತಿದ್ದಾರೆ, ಇಲ್ಲವೆ ಮೆಲ್ಚರ್‌ನ ಕೂಲಿಯಲ್ಲಿದ್ದಾರೆ. ಸಾಕ್ಷಿಗೆ ನಿಲ್ಲಬಲ್ಲವನು ಓಟಿಸ್ ಮಾಮ ಒಬ್ಬನೇ. ನೀನು ಬೇಡವೆಂದಿದ್ದೀಯ.

ರೆನ್‌ಫ್ರಿ ನನಗೂ ಅಣ್ಣ. ನನಗೆ ಹೆಂಟೆ ಕಡಿಯಲು ಬಾರದು ಎಂದು ಅಣಕಿಸುತ್ತಿದ್ದವನು ಅವನು. ಅವನಿಗಾಗಿ ನೀನು ಅಲ್ಲಿ ನಿಂತಿದ್ದೀಯ, ಸರಿ. ನಾನು ಯಾರಿಗಾಗಿ ಇಲ್ಲಿ ನಿಂತಿದ್ದೇನೆ? ಹತ್ತೊಂಬತ್ತಕ್ಕೆ ಬಾ. ಒಂದು ದಿನಕ್ಕೆ ಬಾ, ಕಡಿದು ವಾಪಸು ಹೋಗಿ ನಿನ್ನ ರಾಜನಿಗೆ ನಿಲ್ಲು. ಬಾರದಿದ್ದರೆ ಓಟಿಸ್ ಮಾಮನನ್ನೇ ಕರೆಯುತ್ತೇನೆ. ನಿನ್ನ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಎಂಬ್ಲಿನ್


ಟ್ರೂರೋ
14 ಮಾರ್ಚ್

ಎಂಬ್ಲಿನ್,

ಮುಗಿಯಿತು. ಟ್ರೆಸಿಲಿಯನ್ ಸೇತುವೆಯ ಹತ್ತಿರ ಎರಡೂ ಕಡೆಯ ದೊಡ್ಡವರು ಕೂತು ಮಾತಾಡಿ ಇವತ್ತು ರುಜು ಹಾಕಿದರು. ನಮ್ಮ ಸೈನ್ಯ ಆಯುಧ ಕೆಳಗಿಡುತ್ತದೆ. ದಿನಕ್ಕೆ ಕೆಲವು ದಳಗಳಂತೆ ಸೇತುವೆಗೆ ಹೋಗಿ, ಕುದುರೆ ಕೊಟ್ಟು, ಭರ್ಜಿ ಕೊಟ್ಟು, ಹೆಸರು ಬರೆಸಿ, ರಹದಾರಿ ಚೀಟಿ ತೆಗೆದುಕೊಂಡು ಮನೆಗೆ ಹೋಗಬೇಕು. ಮೊದಲು ಕುದುರೆಯವರ ಸರದಿ. ನಮ್ಮ ದಳ ಕೊನೆಗೆ, ಇಪ್ಪತ್ತನೆಯ ತಾರೀಖು.

ಹತ್ತೊಂಬತ್ತಲ್ಲ. ಇಪ್ಪತ್ತು. ನಾನೇನು ಮಾಡಲಿ?

ನೀನು ಏನೆನ್ನುತ್ತೀಯೋ ಗೊತ್ತು. ಹೇಗೂ ಶರಣಾಗುವ ಸೈನ್ಯ, ಒಂದು ದಿನ ಮೊದಲು ಬಿಟ್ಟು ಬಂದರೆ ಯಾರು ಕೇಳುತ್ತಾರೆ ಎನ್ನುತ್ತೀಯ. ಯಾರೂ ಕೇಳುವುದಿಲ್ಲ. ಆದರೆ ಒಂದು ದಿನ ಮೊದಲು ಬಂದರೆ ನಾನು ಓಟಿಸ್. ಮಾರನೆಯ ದಿನ ಬಂದರೆ ಪಾಸ್ಕೋ. ನನ್ನ ಪಾಲಿಗೆ ಇಡೀ ಯುದ್ಧದಲ್ಲಿ ಉಳಿದಿರುವುದು ಆ ಒಂದು ದಿನವೇ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಪೆಂಡೆನ್ನಿಸ್ ಕೋಟೆ ಶರಣಾಗುತ್ತಿಲ್ಲ. ಅಲ್ಲಿ ರಾಜನ ಬಾವುಟ ಇನ್ನೂ ಇದೆ. ನಮ್ಮಲ್ಲಿ ಕೆಲವರು ಇಪ್ಪತ್ತರ ಬೆಳಿಗ್ಗೆ ಹೊಳೆಯ ದೋಣಿಯಲ್ಲಿ ಅಲ್ಲಿಗೆ ಹೋಗಲಿದ್ದಾರೆ. ಭರ್ಜಿಯನ್ನು ಶತ್ರುವಿನ ಕೈಗೆ ಕೊಡದೆ ಇರುವ ದಾರಿ ಅದೊಂದೇ. ನಾನೂ ಹೆಸರು ಕೊಟ್ಟಿದ್ದೇನೆ. ಕೋಟೆಗೆ ಹೋದವರು ಬೇಗ ಬರುವುದಿಲ್ಲ. ಕೆಲವರು ಬರುವುದೇ ಇಲ್ಲ.

ನೀನು ಪಕ್ಕದ ಊರಿನಿಂದ ಯಾರನ್ನಾದರೂ ಕರೆಸಿ ಎಲ್ಲೆ ಕಡಿ. ಓಟಿಸ್ ಬೇಡ.

ಅಪ್ಪ


ಸೇಂಟ್ ಡೆನಿಸ್
19 ಮಾರ್ಚ್, ಸಂಜೆ

ಅಪ್ಪ,

ಈ ಕಾಗದ ತೆಗೆದುಕೊಂಡು ಹೋಗಲು ಚೆಸ್ಟನ್ ಅತ್ತೆ ಒಪ್ಪಲೇ ಇಲ್ಲ. "ಯಾರಿಗ್ ಕೊಡ್ಲೇ ಇದನ್ನ? ಗುಂಡಿಗ್ ಹಾಕಿ ಬರ್ಲಾ?" ಎಂದು ಅತ್ತಳು. ಅವನ ಕೈಗೇ ಕೊಡು ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡು ಕೊನೆಗೆ ಒಪ್ಪಿ, ನಾನು ಬರೆದು ಮುಗಿಸಲೆಂದು ಬುಟ್ಟಿ ಹಿಡಿದು ಕಾಯುತ್ತಿದ್ದಾಳೆ.

ನಿನ್ನೆ ಅವಳು ಟ್ರೂರೋದಿಂದ ಬಂದು ಹೊಸ್ತಿಲಲ್ಲೇ ಕುಸಿದು ಕೂತಳು. ಜ್ವರದಲ್ಲಿ ಸತ್ತವರ ಗಾಡಿ ಅವಳ ಎದುರಿಗೆ ಹೋಯಿತಂತೆ. ಒಬ್ಬನ ಮುಖ ಮುಚ್ಚಿತ್ತಂತೆ, ಮೈಮೇಲೆ ನಿನ್ನ ಅಂಗಿ. ಮೊಣಕೈಗೆ ಅಮ್ಮನ ನೀಲಿ ಲಂಗದ ತುಂಡು ಹಾಕಿ ನಾನು ತೇಪೆ ಹಚ್ಚಿದ್ದೆನಲ್ಲ, ಅದೇ ಅಂಗಿ. "ನನ್ನ ಕಣ್ಣಾರೆ ಕಂಡೆ ಮಗಳೇ, ಅದೇ ನೀಲಿ" ಎಂದಳು. ಸುದ್ದಿ ಊರೆಲ್ಲ ಹರಡಲು ಎಷ್ಟು ಹೊತ್ತು ಬೇಕು? ಸಂಜೆಗೆ ಮೆಲ್ಚರ್ ಬಂದು ಟೋಪಿ ತೆಗೆದು ನಿಂತ.

ನಾನು ಅಳಲಿಲ್ಲ. ಅತ್ತರೆ ನೀನು ಸತ್ತಿದ್ದೀಯ ಎಂದು ಒಪ್ಪಿಕೊಂಡ ಹಾಗೆ.

ಪಕ್ಕದ ಊರಿನಿಂದ ಯಾರೂ ಬರಲಿಲ್ಲ. ಇವತ್ತು ಬೆಳಿಗ್ಗೆ ಓಟಿಸ್ ಮಾಮನನ್ನು ಕೊಟ್ಟಿಗೆಯಿಂದ ಎಬ್ಬಿಸಿದೆ. ಕೋಲು ಊರಿಕೊಂಡು ಬಂದ. ಮಂಜು ಕವಿದಿತ್ತು. ಪೂರ್ವದ ಮೂಲೆಯಲ್ಲಿ ನಾನು ಸಲಿಕೆ ಎತ್ತಿದಾಗ ಅವನು ನನ್ನ ಕೈ ಹಿಡಿದ.

"ಯಾರ ಹೆಸ್ರು ಹೇಳ್ತೀಯಾ?"

"ಅಪ್ಪಂದು."

"ಮಗಾ, ನಿನ್ನ ಹೆಸ್ರು ಹೇಳು. ಪಾಸ್ಕೋ ಸತ್ತಿದ್ರೆ ಎಲ್ಲೆ ಉಳೀತದೆ. ಬದುಕಿದ್ರೆ ಬಂದು ನಿನ್ನ ಬೈತಾನೆ. ಬೈಸ್ಕೊಂಡ್ರೆ ಏನ್ ಹೋಯ್ತು, ಹೊಟ್ಟೆ ತುಂಬಲ್ವಾ? ಅವನ ಹೆಸ್ರಲ್ಲಿ ಕಡಿದು ಅವನು ಸತ್ತಿದ್ರೆ ಎಲ್ಲಾ ಹೋಯ್ತಲ್ಲೇ!"

ಅವನು ಹೇಳಿದ್ದು ಸರಿಯೇ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನು ಸಲಿಕೆ ಹಿಡಿದು ನಿಂತೇ ಯೋಚಿಸಿದೆ, ಅಪ್ಪ. ನನ್ನ ಹೆಸರು ಹೇಳಿದರೆ ನನಗೆ ನಷ್ಟವೇ ಇಲ್ಲ. ಆದರೆ ನೀನು ಎಲ್ಲೋ ಬದುಕಿದ್ದರೆ, ಇಡೀ ಊರಿನ ಎದುರು ನಾನೇ ನಿನ್ನನ್ನು ಮಣ್ಣು ಮಾಡಿದ ಹಾಗೆ. ಆಮೇಲೆ ನಿನಗೆ ಇಲ್ಲಿ ಏನಿದೆ? ನೆಲವಿಲ್ಲ, ಹೆಸರಿಲ್ಲ. ಕೋಟೆಗೆ ಹೋಗುವ ದೋಣಿಯನ್ನು ನಾನೇ ತಳ್ಳಿದ ಹಾಗೆ.

"ಮಾಮ, ಅಪ್ಪ ಸತ್ತಿದ್ದನ್ನ ನೀನು ನೋಡಿದ್ಯಾ?" ಎಂದೆ.

"ಇಲ್ಲ."

"ನಾನೂ ನೋಡಿಲ್ಲ. ಅಂಗಿ ಸತ್ತಿದೆ ಅಷ್ಟೇ."

ಕಡಿದೆ. ಮೊದಲ ಹೆಂಟೆ ಚೂರಾಯಿತು, ಎರಡನೆಯ ಸಲ ಬೇರು ಸಮೇತ ಬಂತು. ದಿಬ್ಬದ ಮೇಲೆ ಇಟ್ಟು, "ಪಾಸ್ಕೋ ನಾನ್‌ಕಾರೋ ಹೆಸರಲ್ಲಿ, ಇನ್ನೊಂದು ವರ್ಷ!" ಎಂದು ಕೂಗಿದೆ. ಮಂಜಿನಲ್ಲಿ ಎಲ್ಲೋ ಕುದುರೆ ಕೆನೆಯಿತು. ಮೆಲ್ಚರ್ ತನ್ನ ಕುದುರೆಯ ಮೇಲೆ ಕೂತು ನಮ್ಮ ಹಿಂದೆಯೇ ಬರುತ್ತಿದ್ದ.

ದಕ್ಷಿಣದ ಮೂಲೆ ಸಲೀಸಾಗಿ ಆಯಿತು. ಪಶ್ಚಿಮದ ಮೂಲೆಯ ಮೇಲೆ ಸಿಪಾಯಿಗಳು ಒಲೆ ಹೂಡಿ ಗಂಜಿ ಕಾಯಿಸುತ್ತಿದ್ದರು. ಸುತ್ತಲಿನ ಹುಲ್ಲನ್ನೆಲ್ಲ ಕಿತ್ತು ಗುಡಿಸಲಿಗೆ ಹೊದಿಸಿದ್ದಾರೆ. ಹಸಿರು ಉಳಿದಿದ್ದದ್ದು ಪಾತ್ರೆಯ ಪಕ್ಕದಲ್ಲಿ ಒಂದು ಮೊಳ. ಓಟಿಸ್ ಮಾಮ ನನ್ನ ಹಿಂದೆ ಸರಿದ. ಅವರ ನಾಯಕ, ಕೆಂಪು ಗಡ್ಡದವನು, ಎದ್ದು ಬಂದ.

"ಏನಮ್ಮಾ, ಸಲಿಕೆ ತಗೊಂಡು ಯುದ್ಧಕ್ಕೆ ಬಂದ್ಯಾ?"

"ಪಾತ್ರೆ ತೆಗೀರಿ. ಅದು ನಮ್ಮ ಮೂಲೆ."

"ಮೂಲೇನಾ? ಇಲ್ಲಿ ಗೋಡೇನೇ ಇಲ್ವಲ್ಲಾ!"

ಅವರೆಲ್ಲ ನಕ್ಕರು. ನಾನು ಎಲ್ಲೆಯ ವಿಷಯ ಹೇಳಿದೆ. ನಗುತ್ತಿದ್ದವನು ಸುಮ್ಮನಾಗಿ ಕೇಳಿದ. ಅವನೂ ಹೊಲದವನೇ ಇರಬೇಕು. "ಯಾರ ಹೆಸರಲ್ಲಿ ಕಡೀತೀಯಾ?" ಎಂದ.

"ನಮ್ಮಪ್ಪನ ಹೆಸರಲ್ಲಿ."

"ಎಲ್ಲಿದ್ದಾನೆ ನಿಮ್ಮಪ್ಪ?"

"ಟ್ರೂರೋದಲ್ಲಿ. ನಿಮ್ಮೆದುರು ಭರ್ಜಿ ಹಿಡ್ಕೊಂಡು ನಿಂತಿದ್ದಾನೆ."

ಓಟಿಸ್ ಮಾಮ ದೇವರ ಹೆಸರು ಹೇಳಿದ್ದು ನನಗೆ ಕೇಳಿಸಿತು. ಕೆಂಪು ಗಡ್ಡದವನು ನನ್ನನ್ನೇ ನೋಡಿದ. ಆಮೇಲೆ ತನ್ನವರ ಕಡೆ ತಿರುಗಿ, "ಪಾತ್ರೆ ಎತ್ರೋ" ಎಂದ. "ಇನ್ನೂ ಬೆಂದಿಲ್ಲ ನಾಯಕರೇ!" ಎಂದು ಒಬ್ಬ ಗೊಣಗಿದ. "ಬೇಯ್ದೇ ಇದ್ರೆ ಹಸೀದೇ ತಿನ್ನು. ಎತ್ತು!" ಎಂದ. ಎತ್ತಿದರು. ನಾನು ಆ ಒಂದು ಮೊಳ ಹಸಿರನ್ನು ಕಡಿದು, ಶತ್ರುಗಳ ನಡುವೆ ನಿಂತು ನಿನ್ನ ಹೆಸರು ಕೂಗಿದೆ. ಹಿಂದಿನ ಎರಡು ಮೂಲೆಗಿಂತ ಗಟ್ಟಿಯಾಗಿ ಕೂಗಿದೆ.

ಉತ್ತರದ ಮೂಲೆ ಮುಗಿದಾಗ ಮಂಜು ಕರಗಿತ್ತು. ಮೆಲ್ಚರ್ ಕುದುರೆಯಿಂದ ಇಳಿದ. "ಎಂಬ್ಲಿನ್, ಸತ್ತವನ ಹೆಸರಲ್ಲಿ ಕಡಿದ ಎಲ್ಲೆ ಎಲ್ಲೆಯಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಊರೆದುರಿಗೆ ಹೇಳ್ತೀನಿ. ಇಲ್ಲ ಅನ್ನೋರು ಪಾಸ್ಕೋನ ಕರ್ಕೊಂಡು ಬರಲಿ. ಸೋಮವಾರ ನಾನು ಕಡೀತೀನಿ. ಅದ್ಯಾಕಮ್ಮಾ ಇಂಥಾ ಹುಚ್ಚು ಕೆಲಸ ಮಾಡಿದೆ?" ಎಂದ. ಆ ಕೊನೆಯ ಮಾತನ್ನು ನಿಜವಾದ ಕನಿಕರದಿಂದಲೇ ಕೇಳಿದ, ಅದೇ ನನಗೆ ಹೆಚ್ಚು ಉರಿದದ್ದು.

ಓಟಿಸ್ ಮಾಮ ಮುಂದೆ ಬಂದ. "ಸಾಕ್ಷಿ ನಾನಿದ್ದೀನಿ ಮೆಲ್ಚರ್. ನಾಲ್ಕು ಮೂಲೆಗೂ ನಿಂತಿದ್ದೀನಿ. ಭಾನುವಾರ ನಾನೂ ಬರ್ತೀನಿ."

"ನೀನು ಹೊರಗೆ ಮುಖ ತೋರಿಸಿದ್ರೆ ಜನ ಏನಂತಾರೆ ಗೊತ್ತಾ?"

"ಗೊತ್ತು. ಅನ್ನಲಿ."

ಅಪ್ಪ, ಈಗ ನನ್ನ ಮಾತು ಕೇಳು. ಇವತ್ತು ನಾಲ್ಕು ಸಲ ನೀನು ಬದುಕಿದ್ದೀಯ ಎಂದು ಬೋರೆಯ ಮೇಲೆ ಕೂಗಿದ್ದೇನೆ. ನೀನು ಸತ್ತಿದ್ದರೆ ಎಲ್ಲೆ ಹೋಯಿತು, ನಾನೂ ಸುಳ್ಳಿಯಾದೆ. ಕೋಟೆಗೆ ಹೋದರೂ ಅದೇ, ಭಾನುವಾರ ಚರ್ಚಿನ ಬಾಗಿಲಲ್ಲಿ ನೀನಿರುವುದಿಲ್ಲ. ನನಗಿದ್ದದ್ದನ್ನೆಲ್ಲ ನಿನ್ನ ಮೇಲೆ ಇಟ್ಟಿದ್ದೇನೆ. ಭರ್ಜಿಯನ್ನು ಯಾರ ಕೈಗಾದರೂ ಕೊಡು. ಬಾ.

ಎಂಬ್ಲಿನ್


ಟ್ರೆಸಿಲಿಯನ್ ಸೇತುವೆ
20 ಮಾರ್ಚ್, ಸಂಜೆ

ಎಂಬ್ಲಿನ್, ನನ್ನ ಮಗಳೇ,

ಅಂಗಿಯನ್ನು ಸೇಂಟ್ ಕೊಲಂಬ್‌ನ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಜ್ವರದಲ್ಲಿ ನಡುಗುತ್ತಿದ್ದ. ಅವನ ತಾಯಿಗೆ ನಾನು ಹೋಗಿ ಹೇಳಬೇಕು.

ಬೆಳಿಗ್ಗೆ ಟ್ರೂರೋದ ಕಟ್ಟೆಯಲ್ಲಿ ದೋಣಿ ಕಾಯುತ್ತಿತ್ತು. ಕೋಟೆಗೆ ಹೊರಟವರು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಹಿಂದಿನಿಂದ ಯಾರೋ ಕಿಟಾರನೆ ಕಿರುಚಿದರು. ತಿರುಗಿದರೆ ಚೆಸ್ಟನ್. ಬುಟ್ಟಿ ಕೆಳಗೆ ಬಿದ್ದು ಮೀನೆಲ್ಲ ಕಲ್ಲಿನ ಮೇಲೆ. ನಾನು ಹತ್ತಿರ ಹೋದೆ. ಅವಳು ಒಂದು ಮೀನು ಎತ್ತಿಕೊಂಡು ನನ್ನ ಕೆನ್ನೆಗೆ ಬಾರಿಸಿದಳು. "ನಿನ್ನೆಲ್ಲಾ ನಿನಗೋಸ್ಕರ ಅತ್ತಿದ್ದೀನಿ ಮುದುಕಾ! ಆ ಹುಡ್ಗಿ ಕಣ್ಣಲ್ಲಿ ಒಂದ್ ಹನಿ ನೀರಿಲ್ಲ, ನಾನೊಬ್ಳೇ ಅತ್ತಿದ್ದೀನಿ!" ಎಂದು ಇನ್ನೊಂದು ಏಟು. ದೋಣಿಯವರು ನಗುತ್ತಿದ್ದರು. ಯುದ್ಧ ಮುಗಿಯುವ ದಿನ ನನಗೆ ಬಿದ್ದ ಏಟು ಅವೆರಡೇ.

ನಿನ್ನ ಕಾಗದವನ್ನು ಅಲ್ಲೇ ನಿಂತು ಓದಿದೆ. ಪಶ್ಚಿಮದ ಮೂಲೆಯವರೆಗೆ ಬಂದಾಗ ಅಕ್ಷರ ಕಾಣಿಸಲಿಲ್ಲ, ಕಣ್ಣೊರೆಸಿಕೊಂಡು ಓದಿದೆ. ದೋಣಿಯಿಂದ ಕೂಗಿದರು, "ಬರ್ತೀಯೇನಯ್ಯಾ ಪಾಸ್ಕೋ? ನೀರಿಳೀತಾ ಇದೆ." ನಾನು ಮೆಟ್ಟಿಲ ಕಡೆ ಹೋಗಲಿಲ್ಲ. ಇಲ್ಲ ಎಂದೆ. ಯಾಕೆ ಎಂದರು. ಮಗಳು ಕರೆದಿದ್ದಾಳೆ ಎಂದೆ. ಅವರಲ್ಲಿ ಒಬ್ಬ ನೀರಿಗೆ ಉಗಿದ. ನಾನು ಓಟಿಸ್‌ಗೆ ಮನಸ್ಸಿನಲ್ಲಿ ಎಷ್ಟು ಸಲ ಉಗಿದಿದ್ದೆನೋ, ಹಾಗೆಯೇ ಉಗಿದ. ತಡೆದುಕೊಂಡೆ.

ಮಧ್ಯಾಹ್ನ ನಮ್ಮ ದಳ ಸೇತುವೆಗೆ ಬಂತು. ದಳ ಎನ್ನುವಷ್ಟು ಜನ ಇರಲಿಲ್ಲ. ಆದರೂ ಕ್ಯಾಪ್ಟನ್ ಸಾಲು ನೇರ ಮಾಡಿಸಿದರು, ತಮಟೆಯವನು ತಮಟೆ ಬಾರಿಸಿದ. ನಾವು ತಲೆ ತಗ್ಗಿಸದೆ ನಡೆದೆವು. ರಸ್ತೆಯ ಎರಡೂ ಕಡೆ ಅವರು ನಿಂತಿದ್ದರು, ಯಾರೂ ಹುಯಿಲೆಬ್ಬಿಸಲಿಲ್ಲ. ಭರ್ಜಿಗಳನ್ನು ಸೌದೆಯ ಹಾಗೆ ರಾಶಿ ಹಾಕಿದ್ದರು. ನಮ್ಮವರು ಕೆಲವರು ಎಸೆದರು. ನಾನು ಬಗ್ಗಿ ಇಟ್ಟೆ. ಕಾವಲಿನವನು, "ಜೋಪಾನವಾಗಿ ಇಡ್ತೀಯಲ್ಲಜ್ಜಾ, ನಾಳೆ ವಾಪಸ್ ಬೇಕಾ?" ಎಂದ. "ಇಷ್ಟು ವರ್ಷ ಹೊತ್ತಿದ್ದೀನಿ, ಬಿಸಾಕೋಕೆ ಮನಸ್ಸು ಬರಲ್ಲ" ಎಂದೆ.

ಅದನ್ನು ಇಟ್ಟ ಮೇಲೆ ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಸೋತದ್ದು ಆಗ ಗೊತ್ತಾಯಿತು. ಇಟ್ಟ ಭರ್ಜಿಗೂ ಬಿಟ್ಟು ಓಡಿದ ಭರ್ಜಿಗೂ ಆ ರಾಶಿಯಲ್ಲಿ ವ್ಯತ್ಯಾಸವೇ ಇಲ್ಲ. ನನಗೆ ಮಾತ್ರ ಇದೆ. ಅದನ್ನು ನಾನು ಬಿಡುವುದಿಲ್ಲ, ನೀನು ಕೇಳಿದರೂ ಬಿಡುವುದಿಲ್ಲ.

ಆಮೇಲೆ ಮೇಜಿನ ಹತ್ತಿರ ಗುಮಾಸ್ತ ಹೆಸರು ಬರೆಯುತ್ತಿದ್ದ. ನನ್ನ ಮುಂದಿದ್ದವರು ನಾಚಿಕೆಗೆ ಏನೇನೋ ಸುಳ್ಳು ಹೆಸರು ಕೊಟ್ಟರು. ಒಬ್ಬನಂತೂ ತನ್ನ ಹೇಸರಗತ್ತೆಯ ಹೆಸರು ಕೊಟ್ಟ. ನಾನೂ ಅಪ್ಪನಿಂದ ಬಂದ ಮನೆತನದ ಹೆಸರನ್ನು ಶತ್ರುವಿನ ಕಾಗದದಲ್ಲಿ ಬರೆಸಬಾರದು ಎಂದುಕೊಂಡೇ ಬಂದಿದ್ದೆ. ಗುಮಾಸ್ತ ತಲೆ ಎತ್ತದೆ, "ಹೆಸರು?" ಎಂದ. ನೀನು ಆ ಒಲೆಯ ಪಕ್ಕ ನಿಂತು ಕೂಗಿದ್ದನ್ನು ನೆನೆದೆ.

"ಪಾಸ್ಕೋ ನಾನ್‌ಕಾರೋ! ಸೇಂಟ್ ಡೆನಿಸ್! ಬದುಕಿದ್ದೀನಿ!"

ಕಿವಿ ಮಂದವಾದ ಮೇಲೆ ನನ್ನ ದನಿ ಎಷ್ಟು ಜೋರೆಂದು ನನಗೆ ತಿಳಿಯುವುದಿಲ್ಲ. ಸೇತುವೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತ ಲೇಖನಿ ಕೆಳಗಿಟ್ಟು, "ಬದುಕಿರೋದು ಕಾಣ್ತಿದೆಯಲ್ಲಯ್ಯಾ. ಊರು ಸರಿಯಾಗಿ ಹೇಳು ಸಾಕು" ಎಂದ. ಬರೆದುಕೊಂಡ. ಚೀಟಿ ನಾಳೆ ಬೆಳಿಗ್ಗೆ ಕೊಡುತ್ತಾರಂತೆ, ಚೀಟಿಯಿಲ್ಲದೆ ದಾರಿ ಬಿಡುವುದಿಲ್ಲ. ಅದಕ್ಕೇ ಚೆಸ್ಟನ್ ಕೈಯಲ್ಲಿ ಇದನ್ನು ಮುಂದಾಗಿ ಕಳಿಸುತ್ತಿದ್ದೇನೆ. ಸೇಂಟ್ ಕೊಲಂಬ್‌ಗೆ ಹೋಗಿ ಆ ತಾಯಿಯನ್ನು ಕಂಡು, ಭಾನುವಾರ ಪೂಜೆಯ ಹೊತ್ತಿಗೆ ಬರುತ್ತೇನೆ.

ಓಟಿಸ್ ಬಗ್ಗೆ ಹಿಂದೆ ಬರೆದದ್ದರಲ್ಲಿ ಒಂದಕ್ಷರವನ್ನೂ ಅಳಿಸುವುದಿಲ್ಲ. ಅವನು ಓಡಿದ. ಆದರೆ ನಿನ್ನ ಹೆಂಟೆ ಬಿದ್ದಾಗ ಅವನು ಅಲ್ಲಿದ್ದ, ನಾನಿರಲಿಲ್ಲ. ಭಾನುವಾರ ಅವನು ಜನರ ಹಿಂದೆ ಅಡಗುವುದು ಬೇಡ. ನನ್ನ ಎಡಗಡೆಯ ಜಾಗ ಖಾಲಿಯೇ ಇದೆ, ಅಲ್ಲಿ ಬಂದು ನಿಲ್ಲಲಿ. ಮೊದಲ ದಿನ ನಾನು ಅವನ ಜೊತೆ ಮಾತಾಡುವುದಿಲ್ಲ ಎಂದು ಮುಂಚೆಯೇ ಹೇಳಿಬಿಡು.

ಮೆಲ್ಚರ್‌ಗೆ ಮಾತ್ರ ಏನೂ ಹೇಳಬೇಡ. ಚೆಸ್ಟನ್ ಬಾಯಿಯನ್ನೂ ಕಟ್ಟು. ಅವನು ಚರ್ಚಿನ ಬಾಗಿಲಲ್ಲಿ ನಿಂತು, ಪಾಸ್ಕೋ ನಾನ್‌ಕಾರೋ ಸತ್ತಿದ್ದಾನೆ ಎಂದು ಊರೆದುರು ಪೂರ್ತಿ ಹೇಳಿ ಮುಗಿಸಲಿ. ನಡುವೆ ಯಾರೂ ಬಾಯಿ ಹಾಕಬೇಡಿ. ಇಲ್ಲ ಅನ್ನುವವರು ಯಾರಾದರೂ ಇದ್ದೀರಾ ಎಂದು ಅವನು ಕೇಳಲಿ. ಆಗ ನಾನು ಹೇಳುತ್ತೇನೆ.

ಬದುಕಿರುವ
ನಿನ್ನ ಅಪ್ಪ